ಬಿಚ್ಚಿಲ್ಲ

ಗೋಲ್ಡ್ ಕೋಸ್ಟಿನ ಸ್ಟುಡಿಯೋ, ಆರನೇ ಶೆಡ್ಡು.
ಹೊರಗೆ ಮೂವತ್ತೇಳು ಡಿಗ್ರಿ ಬಿಸಿಲು,
ಒಳಗೆ ಅಮೆರಿಕದ ಹಿಮ, ಕಾಗದದ್ದು.
ಲೋರ್ನಾ ಪೆಟ್ರಾಕಿಸ್ ಸ್ಟೂಲಿನ ಮೇಲೆ ಕೂತು
ಯಾವ ಭುಜದ ಮೇಲೆ ಎಷ್ಟು ಹಿಮ ಬಿತ್ತೆಂದು
ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಾಳೆ.

ನಾನು ಅವಳ ಸಹಾಯಕ.
ಪೆನ್ಸಿಲು ಚೂಪು ಮಾಡುವುದು,
ಹಿಂದಿನ ಆರು ಚಿತ್ರಗಳ ಕಡತ ಹೊರುವುದು,
ಯಾರಾದರೂ ಕೇಳಿದರೆ ಹೇಳುವುದು:
ಗಾಯ ಎಡಹುಬ್ಬಿನ ಮೇಲೆ, ಸ್ವಾಮಿ, ಬಲಕ್ಕಲ್ಲ.

ಯಾರೂ ಕೇಳುವುದಿಲ್ಲ.

ಏಳು ಚಿತ್ರ, ಐದು ನಿರ್ದೇಶಕರು.
ಎತ್ತು ಏರಿಗೆ, ಕೋಣ ನೀರಿಗೆ,
ಉಳಿದ ಮೂವರು ಹೊಸ ಬಂಡಿಯನ್ನೇ ಕೇಳಿದರು.
ಎರಡನೆಯದರಲ್ಲಿ ಅನಾಥನಾಗಿದ್ದವನಿಗೆ
ನಾಲ್ಕರಲ್ಲಿ ಅಪ್ಪ ಬಂದ,
ಐದರಲ್ಲಿ ಆ ಅಪ್ಪನಿಗೆ ಬೇರೆ ಮೂಗು.
ಸೇತುವೆ ಮುರಿದದ್ದು ಮಂಗಳವಾರ ಸಂಜೆ;
ಅದೇ ಸಂಜೆ ಅದೇ ಸೇತುವೆಯ ಮೇಲೆ
ಇನ್ನೊಬ್ಬ ವೀರೆ, ತನ್ನದೇ ಚಿತ್ರದಲ್ಲಿ,
ಟ್ಯಾಕ್ಸಿ ಹಿಡಿದು ಮದುವೆಗೆ ಹೋದಳು.

ಬೋಳುತಲೆಗೂ ಮೊಣಕಾಲಿಗೂ ಗಂಟು ಹಾಕಲೆಂದೇ
ಕ್ಯಾಲಿಫೋರ್ನಿಯಾದಿಂದ ಒಬ್ಬ ಬಂದ, ಪ್ರೆಸ್ಕಟ್ ಎಂದು.
ಗೋಡೆಯಗಲ ಹಲಗೆ, ಕೆಂಪು ದಾರ, ಗುಂಡುಸೂಜಿ.
"ಕಾಲ ಕವಲೊಡೆದಿದೆ" ಎಂದ.
ಅಷ್ಟೇ. ಎರಡು ಸೇತುವೆ, ಎರಡು ಮಂಗಳವಾರ, ಎರಡು ಮೂಗು,
ಎಲ್ಲವೂ ನ್ಯಾಯವಾಗಿಬಿಟ್ಟವು.
ಲೋರ್ನಾ ಕನ್ನಡಕ ಒರೆಸುತ್ತ ಅಂದಳು:
"ಸಾಲ ಕೊಟ್ಟವ ಬಾಗಿಲಿಗೆ ಬಂದಾಗ ನಮ್ಮಜ್ಜಿಯೂ ಹೀಗೇ,
ನೀನು ಕೊಟ್ಟದ್ದು ನನ್ನ ತಂಗಿಗಿರಬೇಕು,
ನೋಡಲು ನನ್ನ ಹಾಗೇ ಇದ್ದಾಳೆ, ಅನ್ನುತ್ತಿದ್ದಳು."

ಮೂಗು, ಸೇತುವೆ, ಹೋಗಲಿ ಬಿಡಿ.
ಅವಳಿಗೆ ಹತ್ತಿದ್ದ ಕೊರಗು ಒಂದೇ.
ಮೊದಲ ಚಿತ್ರ, ಹನ್ನೊಂದನೇ ದೃಶ್ಯ:
ಬೇಕರಿಯ ಮುಂದಿನ ಕಂಬಕ್ಕೆ ನಾಯಿ ಕಟ್ಟಿ
"ಇಲ್ಲೇ ಇರು, ಬಂದೆ" ಎಂದು ಆತ ಆಕಾಶಕ್ಕೆ ಹಾರಿದ್ದ.
ಪುಟದ ಅಂಚಿನಲ್ಲಿ ಹದಿಮೂರು ವರ್ಷದ ಹಿಂದಿನ ಅಕ್ಷರ:
ನೀಲಿ ಹಗ್ಗ. ಎರಡು ಸುತ್ತು. ಬಿಚ್ಚಿಲ್ಲ.

ಭೂಮಿ ಐದು ಸಲ ಉಳಿಯಿತು.
ಒಡೆದ ಚಂದ್ರನನ್ನು ಹೊಲಿದು ಜಾಗಕ್ಕಿಟ್ಟರು.
ಸತ್ತವರು ಸಾಲಾಗಿ ಎದ್ದು ಬಂದರು, ಸಂಭಾವನೆ ಏರಿಸಿಕೊಂಡು.
ನಾಯಿ ಮಾತ್ರ ಕಂಬದಲ್ಲೇ.
ಪ್ರತಿ ಚಿತ್ರಕ್ಕೂ ಅವಳದೊಂದು ಚೀಟಿ: ಮೂರು ಸೆಕೆಂಡು ಸಾಕು,
ಯಾರಾದರೂ ಬಿಚ್ಚಲಿ, ಬೇಕರಿಯವನಾದರೂ.
ಪ್ರತಿ ಚೀಟಿಗೂ ಒಂದೇ ಉತ್ತರ:
ಚೆನ್ನಾಗಿದೆ, ಮುಂದಿನದರಲ್ಲಿ ನೋಡೋಣ.

ಏಳನೆಯದರ ಕೊನೆಯ ರಾತ್ರಿ, ಹಿತ್ತಲಿನ ಬಯಲು ಸೆಟ್ಟು.
ಹಳೆಯ ಫೋಟೋ ನೋಡಿ ಮತ್ತೆ ಕಟ್ಟಿದ ಬೇಕರಿ.
ಲೋರ್ನಾ ಯಾರಿಗೂ ಚೀಟಿ ಬರೆಯಲಿಲ್ಲ.
ನೆಟ್ಟಗೆ ಹೀರೋನ ಬಳಿ ಹೋಗಿ ಆ ಪುಟ ತೆರೆದಳು.
ನಲವತ್ತೊಂಬತ್ತರ ಆಸಾಮಿ, ಮಂಡಿಗೆ ಐಸಿನ ಚೀಲ.
ಓದಿದ. ಮತ್ತೊಮ್ಮೆ ಓದಿದ.
"ಅಯ್ಯೋ, ನಾನು ಮರೆತೇಬಿಟ್ಟೆನಲ್ಲ" ಎಂದ,
ಮರೆತದ್ದು ನಿಜವಾಗಿಯೂ ತಾನೇ ಎಂಬಂತೆ.

ಮೊದಲ ನಾಯಿ ಸತ್ತು ಎಷ್ಟೋ ವರ್ಷ.
ದೀಪದ ಹುಡುಗ ಕೆವ್ವನ ಕೆಲ್ಪಿ ನಾಯಿ
ಲಾರಿಯ ಕೆಳಗೆ ಮಲಗಿತ್ತು, ಎಬ್ಬಿಸಿ ತಂದೆವು.
ಎರಡು ಟೇಕಿನ ನಡುವೆ, ಯಾರ ಅಪ್ಪಣೆಯೂ ಇಲ್ಲದೆ,
ಆತ ಮಂಡಿಯೂರಿದ (ಲಟಕ್ಕೆಂದದ್ದು ನಮಗೂ ಕೇಳಿಸಿತು),
ಒಂದು ಸುತ್ತು ಬಿಚ್ಚಿದ, ಇನ್ನೊಂದು ಸುತ್ತು.
ಕ್ಯಾಮೆರಾದವನು ನಿಲ್ಲಿಸಲು ಮರೆತ, ಅಥವಾ ಮರೆತಂತೆ ಇದ್ದ.
ನಾಯಿ ಎಡಹುಬ್ಬಿನ ಗಾಯವನ್ನು ಪೂರಾ ನೆಕ್ಕಿಬಿಟ್ಟಿತು.

ಲೋರ್ನಾ ಬರೆದಳು: ನಾಯಿ ಬೇರೆ. ಕಿವಿ ಬೇರೆ.
ಹಗ್ಗ ಅದೇ.
ಹದಿಮೂರು ವರ್ಷ ಅದು ಅವಳ ಡ್ರಾಯರಿನಲ್ಲಿತ್ತೆಂದು
ನನಗೆ ಗೊತ್ತಾದದ್ದು ಆವಾಗ.

ಆ ತುಣುಕು ಚಿತ್ರದಲ್ಲಿ ಉಳಿಯುವುದೋ ಇಲ್ಲವೋ.
ಕತ್ತರಿ ಸಮುದ್ರದಾಚೆ ಇದೆ.
ಒಂದು ಮಾತ್ರ ಹೇಳುತ್ತೇನೆ: ಆ ಕಾಗದದ ಹಿಮದ ನಡುವೆ
ಎಲ್ಲಿಂದಲೋ ಒಂದು ನೀಲಗಿರಿ ಎಲೆ ತೇಲಿ ಬಂದು
ಅಮೆರಿಕದ ಚಳಿಗಾಲದಲ್ಲಿ, ಅವನ ಬಲಭುಜದ ಮೇಲೆ ಕೂತಿತ್ತು.
ಅವಳು ನೋಡಿದಳು. ನಾನೂ ನೋಡಿದೆ.
ಇಬ್ಬರೂ ಬರೆಯಲಿಲ್ಲ.